ಬಾಗಿಲಿಲ್ಲದ ತೂಬು

ನಾನು ಹುಟ್ಟಿದ್ದು ಹೊಳೆನರಸೀಪುರದ ಕಡೆ, ಹೇಮಾವತಿಯ ದಂಡೆಯ ಮೇಲಿನ ಒಂದು ಊರಿನಲ್ಲಿ. ನನ್ನನ್ನು ಕೊಟ್ಟಿದ್ದು ಚನ್ನರಾಯಪಟ್ಟಣದ ಆಚೆಯ ಬೆದ್ದಲು ಸೀಮೆಗೆ. ಕೊಟ್ಟಿದ್ದು ಅಂದರೆ ದೂರದ ಸಂಬಂಧವೇನಲ್ಲ, ನಮ್ಮವ್ವನ ಕಿರಿಯ ತಮ್ಮನಿಗೇ. ಸೋದರಮಾವ ಗಂಡನಾದ, ಅಜ್ಜಿ ಅತ್ತೆಯಾದಳು. ಮದುವೆಯಾದ ಮೇಲೂ ನಾನು ಅವನನ್ನು ಮಾವ ಅಂತಲೇ ಕರೆದೆ, ಅವಳನ್ನು ಅಜ್ಜಿ ಅಂತಲೇ ಕರೆದೆ. ಬೇರೆ ಏನಾದರೂ ಅನ್ನಲು ನಾಲಿಗೆ ಹೊರಳಿದರೆ ತಾನೆ.

ಮಾವ ಹುಡುಗನಾಗಿದ್ದಾಗಿನಿಂದಲೂ ಅಕ್ಕನ ಮನೆಯೆಂದು ನಮ್ಮೂರಿಗೆ ಬರುತ್ತಿದ್ದ. ಬಂದವನು ಜಗಲಿಯ ಮೇಲೆ ಚೀಲ ಇಟ್ಟು ನೆಟ್ಟಗೆ ಹೊಳೆಗೆ ಹೋಗುತ್ತಿದ್ದ. ಅವನಿಗೆ ಈಜು ಕಲಿಸಿದ್ದು ನಮ್ಮಪ್ಪ. ಈಜಿ ಈಜಿ ಸಾಕಾದ ಮೇಲೆ ದಡದ ಕಲ್ಲಿನ ಮೇಲೆ ಕೂತು ಹರಿಯುವ ನೀರನ್ನೇ ನೋಡುತ್ತಿದ್ದ. "ಇಷ್ಟೊಂದ್ ನೀರು ಸುಮ್‌ಸುಮ್ನೆ ಓಯ್ತಾ ಅದಲ್ಲ ಬಾವ, ಯಾರೂ ತಡಿಯಾಕಿಲ್ವಾ?" ಅಂತ ಒಮ್ಮೆ ನಮ್ಮಪ್ಪನನ್ನು ಕೇಳಿದ. ನಮ್ಮಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕು, ಆ ಮಾತನ್ನು ಊರಿಗೆಲ್ಲ ಹೇಳಿಕೊಂಡು ಬಂದ. ನಾವೂ ಆಡಿಕೊಂಡೆವು. ಅದರಲ್ಲಿ ನಗುವಂಥದ್ದು ಏನೂ ಇಲ್ಲವೆಂದು ಆ ಸೀಮೆಗೆ ಹೋಗಿ ಬಾಳುವವರೆಗೆ ನನಗೆ ತಿಳಿಯಲಿಲ್ಲ.

ನಾನು ಆ ಮನೆ ಹೊಕ್ಕಾಗ ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಕುಡಿಯುವ ನೀರಿಗೆ ಊರಾಚೆಯ ಬಾವಿಗೆ ಹೋಗಬೇಕು. ನನ್ನ ಬಿಂದಿಗೆ ತುಳುಕಿದರೆ ಅಜ್ಜಿ ನನ್ನನ್ನು ಬೈಯುತ್ತಿರಲಿಲ್ಲ, ನೆಲದ ಒದ್ದೆಯನ್ನು ನೋಡಿ ಲೊಚಗುಟ್ಟುತ್ತಿದ್ದಳು. ಅದು ಬೈಗುಳಕ್ಕಿಂತ ಹೆಚ್ಚಾಗಿ ಚುಚ್ಚುತ್ತಿತ್ತು. ಪಾತ್ರೆ ತೊಳೆದ ನೀರು ಎಮ್ಮೆಗೆ, ಮುಖ ತೊಳೆದ ನೀರು ಸೋರೆ ಬಳ್ಳಿಗೆ. ಊಟಕ್ಕೆ ಎರಡು ಹೊತ್ತೂ ರಾಗಿಮುದ್ದೆ, ಹಬ್ಬಕ್ಕೆ ಮಾತ್ರ ಅನ್ನ. ಹೊಳೆಯ ಕಡೆ ಅನ್ನ ತಿಂದು ಬೆಳೆದ ನನಗೆ ಮುದ್ದೆ ನುಂಗಲು ಬರುತ್ತಿರಲಿಲ್ಲ, ಅಗಿಯುತ್ತಿದ್ದೆ. ಅದು ಗಂಟಲಿಗೆ ಅಂಟಿ ಕಣ್ಣಲ್ಲಿ ನೀರು ಬರುತ್ತಿತ್ತು. ಮಾವ ಎದುರಿಗೆ ಕೂತು ನಗುತ್ತಿದ್ದ. ನಕ್ಕ ಮೇಲೆ ಅವನಿಗೇ ಪಾಪ ಅನ್ನಿಸುತ್ತಿತ್ತು.

"ತಡಿ ಕಣಮ್ಮಿ, ಒಂದಲ್ಲ ಒಂದಿವ್ಸ ನಮ್ ವಲದಾಗೇ ಬತ್ತ ಬೆಳ್ದು ನಿಂಗೆ ಅನ್ನ ಉಣ್ಣುಸ್ತೀನಿ" ಅನ್ನುತ್ತಿದ್ದ.

"ಎಲ್ಲಿಂದ ತತ್ತೀಯ ನೀರ? ಕಣ್ಣೀರಲ್ಲಿ ಬೆಳೀತೀಯಾ?" ಅಂತ ಅಜ್ಜಿ ರೇಗಿಸುತ್ತಿದ್ದಳು.

ಹೀಗೆ ಹನಿ ನೀರಿಗೆ ಬಾಯಿ ಬಿಡುವ ಊರಿಗೆ ಎರಡು ಮೂರು ವರ್ಷಕ್ಕೊಂದು ಸಲ ಪ್ರವಾಹವೂ ಬರುತ್ತಿತ್ತು ಅಂದರೆ ಯಾರೂ ನಂಬುವುದಿಲ್ಲ. ಊರಿನ ಮೇಲ್ಗಡೆ ಬೋಳು ಗುಡ್ಡಗಳು. ಅಲ್ಲಿ ಬಿದ್ದ ಮಳೆ ಅಲ್ಲಿ ನಿಲ್ಲದೆ ಒಂದೇ ಹಳ್ಳಕ್ಕೆ ಇಳಿದು, ಊರ ಪಕ್ಕದಲ್ಲಿ ದಂಡೆ ಮೀರಿ, ನಮ್ಮ ಕೆಳಬೀದಿಗೆ ನುಗ್ಗುತ್ತಿತ್ತು. ನಾನು ಮೊದಲ ಸಲ ನೋಡಿದಾಗ ಊರಲ್ಲಿ ಬಿಸಿಲಿತ್ತು. ನಾನು ಅಂಗಳದಲ್ಲಿ ಹುರುಳಿ ಹರವಿದ್ದೆ. ಕೆಂಪು ನೀರು ಬೀದಿಯ ತಿರುವಿನಲ್ಲಿ ಕಸಕಡ್ಡಿ ತಳ್ಳಿಕೊಂಡು ಬಂತು. ಅಜ್ಜಿ ಹುರುಳಿಯ ಕಡೆ ತಿರುಗಿಯೂ ನೋಡದೆ ಒಳಗೋಡಿ ಹಗೇವಿನ ಬಾಯಿಯ ಮೇಲೆ ಬೋರಲಾಗಿ ಬಿದ್ದಳು.

ಆ ಕಡೆಯವರು ರಾಗಿಯನ್ನು ನೆಲದೊಳಗೆ ಹಗೇವು ತೋಡಿ ತುಂಬಿಡುತ್ತಾರೆ. ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಹಿಡಿಯುವುದಿಲ್ಲ. ಆದರೆ ಒಂದು ಸಲ ನೀರು ಇಳಿಯಿತೋ, ಮುಗಿಯಿತು. ಅಜ್ಜಿ ಮೈಯೊಡ್ಡಿ ಮಲಗಿದರೆ ನೀರು ಬಿಟ್ಟೀತೆ? ಆ ವರ್ಷದ ರಾಗಿಯೆಲ್ಲ ಕೊಳೆತು, ಹಗೇವು ತೆಗೆದ ದಿನ ನಾತಕ್ಕೆ ಬೀದಿಯವರು ಮೂಗು ಮುಚ್ಚಿಕೊಂಡರು. ಹಿತ್ತಿಲ ಕಡೆಯ ಮಣ್ಣಿನ ಗೋಡೆಯೂ ನೆನೆದು ಕೂತುಬಿಟ್ಟಿತು. ಹಸಿವು ಅಂದರೇನೆಂದು ನನಗೆ ಗೊತ್ತಾಗಿದ್ದು ಆ ವರ್ಷವೇ.

ಕೆಳಬೀದಿಯವರು ಹೋಗಿ ಹೋಗಿ ಅರ್ಜಿ ಕೊಟ್ಟದ್ದಕ್ಕೋ, ಯಾರ ಪುಣ್ಯಕ್ಕೋ, ಅರವತ್ತರ ದಶಕ ಶುರುವಾದ ಮೇಲೆ ಸರ್ಕಾರದವರು ಊರ ಮೇಲ್ಗಡೆ ಹಳ್ಳಕ್ಕೆ ಅಡ್ಡಲಾಗಿ ಒಂದು ಸಣ್ಣ ಮಣ್ಣಿನ ಕಟ್ಟೆ ಕಟ್ಟಲು ಒಪ್ಪಿದರು. ಒಂದು ಬೇಸಿಗೆಯ ಕೆಲಸ. ಊರವರೂ ಮೈ ಬಗ್ಗಿಸಬೇಕು ಅಂದರು, ಬಗ್ಗಿಸಿದೆವು. ಗಂಡಸರು ಅಗೆದರು, ಹೆಂಗಸರು ಮಂಕರಿಯಲ್ಲಿ ಮಣ್ಣು ಹೊತ್ತೆವು. ಒಂದು ಪದರ ಮಣ್ಣು ಹರವಿ, ನೀರು ಚಿಮುಕಿಸಿ, ಎತ್ತು ಓಡಾಡಿಸಿ ತುಳಿಸಿ, ಅದು ಗಟ್ಟಿಯಾದ ಮೇಲೆ ಇನ್ನೊಂದು ಪದರ. ನಾನು ಆಗ ಬಸುರಿ. ಮಾವ ನನ್ನ ಮಂಕರಿಗೆ ಅರ್ಧವೇ ಮಣ್ಣು ತುಂಬುತ್ತಿದ್ದ. ಉಳಿದ ಹೆಂಗಸರು ಅದನ್ನು ನೋಡಿ ಸುಮ್ಮನಿರುವವರೇ? "ಸೊಸೆಗೆ ಅರ್ಧ ಮಂಕ್ರಿ, ನಮ್ಗೆ ತಲೆ ಮುರಿಯಂಗೆ. ಮಾವ ಅಂದ್ರೆ ಇಂಗಿರ್ಬೇಕು" ಅಂತ ಸಂಜೆಯವರೆಗೆ ಹಂಗಿಸಿದರು. ಆ ಬೇಸಿಗೆಯಷ್ಟು ನಾನು ನಕ್ಕದ್ದು ಆಮೇಲೆ ಯಾವತ್ತೂ ಇಲ್ಲ.

ಕೆಲಸ ಮುಗಿದ ದಿನ, ಅದನ್ನು ನೋಡಿಕೊಳ್ಳುತ್ತಿದ್ದ ಸರ್ಕಾರದ ಓವರ್ಸಿಯರ್ ಊರವರನ್ನು ಏರಿಯ ಮೇಲೆ ಕೂರಿಸಿ ತಿಳಿಹೇಳಿದರು. ಹುಡುಗ ವಯಸ್ಸು, ಆದರೆ ಮಾತು ನಿಧಾನ. "ನೋಡಿ, ಇದು ಕೆರೆಯಲ್ಲ. ಇದು ನೀರು ತುಂಬಿಡೋಕೆ ಕಟ್ಟಿದ್ದಲ್ಲ. ಗುಡ್ಡದಿಂದ ಒಟ್ಟಿಗೆ ನುಗ್ಗೋ ನೀರನ್ನ ತಡೆದು, ಏರಿ ಕೆಳಗಿನ ಈ ತೂಬಿನ ಕಿಂಡಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಡೋಕೆ ಕಟ್ಟಿದ್ದು. ಯಾವಾಗಲೂ ಖಾಲಿ ಇರಬೇಕು. ಖಾಲಿ ಇದ್ದರೆ ತಾನೆ ಮುಂದಿನ ಮಳೆಗೆ ಜಾಗ?"

"ತೂಬಿಗೆ ಬಾಗ್ಲೇ ಇಕ್ಕಿಲ್ವಲ್ಲಾ ಸಾ?" ಅಂತ ಊರ ಪಟೇಲರು ಕೇಳಿದರು.

"ಬೇಕಂತಲೇ ಇಟ್ಟಿಲ್ಲ ಗೌಡರೇ. ಬಾಗಿಲಿದ್ದರೆ ನೀವು ಮುಚ್ಚುತ್ತೀರಿ."

ಎಲ್ಲರೂ ನಕ್ಕರು. ಓವರ್ಸಿಯರೂ ನಕ್ಕರು. ಜೀಪು ಹೋದ ಮೇಲೆ ಮಾತು ಶುರುವಾಯಿತು. ಖಾಲಿ ಇರಲಿ ಅಂತ ಯಾರಾದರೂ ಕಟ್ಟೆ ಕಟ್ಟುತ್ತಾರಾ, ಹಾಗಾದರೆ ಕಣಜವನ್ನೂ ಖಾಲಿ ಇಡೋಣ, ಹಂಡೆಯನ್ನೂ ಖಾಲಿ ಇಡೋಣ. ಆ ಜನಕ್ಕೆ ನೀರಿಗೆ ಅಡ್ಡ ಹಾಕಿದ್ದೆಲ್ಲ ಕೆರೆಯೇ. ಕೆರೆ ತುಂಬಿದರೆ ಶುಭ, ಬರಿದಾದರೆ ಅಶುಭ. ಖಾಲಿ ಇದ್ದು ಕಾಯುವ ಕಟ್ಟೆಯನ್ನು ಅವರ ಅಪ್ಪ ಅಜ್ಜಂದಿರು ಕಂಡಿರಲಿಲ್ಲ.

ಮೊದಲ ವರ್ಷ ಕಟ್ಟೆ ಹೇಳಿದ ಹಾಗೆಯೇ ಕೆಲಸ ಮಾಡಿತು. ಗುಡ್ಡದಲ್ಲಿ ಮಳೆ ಸುರಿಯಿತು, ಕಟ್ಟೆಯಲ್ಲಿ ನೀರು ಏರಿತು, ತೂಬಿನಿಂದ ಸಣ್ಣಗೆ ಹರಿದು ಹಳ್ಳದ ದಂಡೆಯೊಳಗೇ ಹೋಯಿತು. ಕೆಳಬೀದಿ ಒಣಗಿಯೇ ಇತ್ತು. ಅಜ್ಜಿ ಹಗೇವಿನ ಕಲ್ಲಿಗೆ ಅರಿಶಿನ ಕುಂಕುಮ ಇಟ್ಟಳು. ಆದರೆ ಗಂಡಸರು ಏರಿಯ ಮೇಲೆ ಸಾಲಾಗಿ ಕೂತು, ಇಳಿಯುವ ನೀರನ್ನು ನೋಡುತ್ತಿದ್ದ ರೀತಿಯನ್ನು ನೋಡಬೇಕಿತ್ತು. ಸತ್ತವರ ಮನೆಯ ಮುಂದೆ ಕೂತವರ ಹಾಗೆ ಕೂತಿದ್ದರು. ಮಾವನೂ ಅವರ ನಡುವೆ. ಮನೆಗೆ ಬಂದವನು ಮುದ್ದೆ ಮುರಿಯದೆ, "ಎಲ್ಲಾ ಓಯ್ತು ಕಣಮ್ಮಿ, ನಿಂತಿದ್ ನೀರು ಎಲ್ಲಾ ಓಯ್ತು" ಅಂದ.

ಮರುವರ್ಷ ಮುಂಗಾರು ಕೈಕೊಟ್ಟಿತು. ಬಾವಿಯಲ್ಲಿ ಕೊಡ ತಳಕ್ಕೆ ತಗುಲುತ್ತಿತ್ತು. ತೆಂಗಿನ ಸಸಿಗಳು ಸುಳಿಯಲ್ಲೇ ಒಣಗಿದವು. ಆಗ ಒಂದು ದಿನ ಪಟೇಲರ ಜಗಲಿಯಲ್ಲಿ ಸೇರಿದವರು ತೂಬು ಮುಚ್ಚುವುದೆಂದು ತೀರ್ಮಾನ ಮಾಡಿದರು. ಯಾರೊಬ್ಬರೂ ಬೇಡವೆನ್ನಲಿಲ್ಲ, ಕೆಳಬೀದಿಯವರೂ. ನೀರಿನಲ್ಲಿ ಮನೆ ಕಳೆದುಕೊಂಡವರಿಗೂ ನೀರು ಬೇಕಾಗಿತ್ತು. ಅಷ್ಟರಲ್ಲಿ ಗುಡ್ಡದಲ್ಲಿ ಬಿದ್ದ ಒಂದು ಮಳೆಗೆ ತೂಬಿನ ಮುಂದೆ ಎದೆಮಟ್ಟ ನೀರು ಏರಿ ಹರಿದುಹೋಗುತ್ತಿತ್ತು, ಒಳಗೆ ಮುಳುಗಿ ಕೆಲಸ ಮಾಡಲು ಗೊತ್ತಿದ್ದವನು ಊರಿಗೆಲ್ಲ ಒಬ್ಬನೇ. ಗೋಣಿಚೀಲಕ್ಕೆ ಜೇಡಿಮಣ್ಣು ತುಂಬಿ ತೂಬಿನ ಬಾಯಿಗೆ ಗಿಡಿದು, ಮೇಲೆ ಚಪ್ಪಡಿ ಕಲ್ಲು ನಿಲ್ಲಿಸಿ, ಅದು ಜಾರದಂತೆ ದಪ್ಪ ಕಲ್ಲುಗಳನ್ನು ಒತ್ತಿ ಬಂದವನು ಮಾವ.

ನಾನು ಆ ದಿನ ಅವನೊಡನೆ ಜಗಳವಾಡಿದೆ. "ಮಾವ, ನೀರ್ಗೆ ದಾರಿ ಬುಡ್ಬೇಕು. ನಮ್ಮೂರ ಒಳೆ ನೋಡಿಲ್ವಾ ನೀನು? ದಾರಿ ಕಟ್ಟಿದ್ರೆ ಅದು ಸುಮ್ನಿರ್ತದಾ?"

"ನೀನು ಒಳೆ ಕಡೆಯೋಳು ಕಣಮ್ಮಿ. ನೀರು ಎಂಗೆ ಓಯ್ತದೆ ಅನ್ನೋದು ನಿಂಗೊತ್ತು, ಎಂಗೆ ಬರಾಕಿಲ್ಲ ಅನ್ನೋದು ನಮ್ಗೊತ್ತು."

 

ಮಘೆ ಮಳೆಗೆ ಕಟ್ಟೆ ಅರ್ಧ ತುಂಬಿತು, ಉತ್ತರೆ ಮಳೆಗೆ ಪೂರಾ. ಏರಿಯ ಕೆಳಗಿನ ನಮ್ಮ ಹೊಲದ ಗುಂಡಿಯಲ್ಲಿ ನೀರು ತಾನಾಗಿ ಜಿನುಗಿ ನಿಂತಿತು. ಮಾವ ಅಲ್ಲಿ ಏತ ಹೂಡಿ, ಒಂದು ತುಂಡು ಹೊಲವನ್ನು ಮಡಿ ಮಾಡಿ ಭತ್ತ ನೆಟ್ಟ. ಹಸಿರು ಎದ್ದಾಗ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿದ. ಮಗಳು ಆಗ ಗೋಡೆ ಹಿಡಿದು ನಡೆಯುತ್ತಿದ್ದಳು, ಅವಳನ್ನೂ ಹೆಗಲ ಮೇಲೆ ಕೂರಿಸಿಕೊಂಡು ಹೋಗಿ ತೋರಿಸಿದ.

ತುಂಬಿದ ಕಟ್ಟೆಗೆ ಊರವರು ಬಾಗಿನ ಕೊಟ್ಟರು. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ತೆಂಗಿನಕಾಯಿ ಇಟ್ಟು, ಮೇಲೊಂದು ಮೊರ ಮುಚ್ಚಿ, ಮುತ್ತೈದೆಯರೆಲ್ಲ ಹೊಸ ಬಳೆ ತೊಟ್ಟು ಹೋದೆವು. ಸುಳ್ಳೇಕೆ ಹೇಳಲಿ, ಅಷ್ಟಗಲ ನೀರಿನ ಮೇಲೆ ಗಾಳಿ ಬೀಸಿದಾಗ ನನಗೂ ತವರಿಗೆ ಹೋದಂತಾಯಿತು. ವಿಧವೆಯಾದ ಅಜ್ಜಿ ಬಾಗಿನಕ್ಕೆ ಬರುವಂತಿರಲಿಲ್ಲ. ಮನೆಯ ಬಾಗಿಲಲ್ಲೇ ನಿಂತು, "ನನ್ ಪಾಲಿಂದೂ ಕೈ ಮುಗ್ದು ಬಾ ಕೂಸೇ" ಅಂದಿದ್ದಳು.

ಆಮೇಲೆ ಚಿತ್ತೆ ಮಳೆ ಹಿಡಿಯಿತು. ಅದು ಎಂದೂ ಹಾಗೆ ಹಿಡಿದದ್ದಿಲ್ಲವಂತೆ. ಮಳೆ ಇರುಳೆಲ್ಲ ಬಿಡಲಿಲ್ಲ. ಬೆಳಗ್ಗೆ ಕಟ್ಟೆಯ ಕಡೆಯಿಂದ ಕೂಗು ಕೇಳಿ ನಾವೆಲ್ಲ ಓಡಿದೆವು. ನೀರು ಏರಿಯ ತಲೆಗೆ ಗೇಣು ಉಳಿಸಿತ್ತು. ಹೆಚ್ಚಾದ ನೀರು ಹೊರಬೀಳಲೆಂದು ಪಕ್ಕದಲ್ಲಿ ಬಿಟ್ಟಿದ್ದ ಕೋಡಿಯಲ್ಲಿ ಹರಿಯುತ್ತಿತ್ತು, ಆದರೆ ಬರುವ ನೀರಿಗೆ ಆ ಕೋಡಿ ಎಲ್ಲಿಗೆ ಸಾಕು? ಏರಿಯ ಹೊರಮೈಯಲ್ಲಿ ಒಂದು ಕಡೆ ಕೆಸರು ನೀರು ಬೆವರಿನಂತೆ ಒಸರುತ್ತಿತ್ತು. ಅದನ್ನು ಕಂಡ ಪಟೇಲರು "ಏರಿ ಒಡೀತದೆ, ಕೋಡಿ ಅಗೀರಿ" ಅಂತ ಕೂಗಿದರು. ಕೋಡಿ ಅಗಲ ಮಾಡಲು ಹಾರೆ ಹಾಕಿದವರಿಗೆ ಬಂಡೆ ಸಿಕ್ಕಿತು. ಕೆಳಬೀದಿಯವರು ಮಕ್ಕಳು, ದನಕರು ಎತ್ತಿಕೊಂಡು ಮೇಲಕ್ಕೆ ಓಡುತ್ತಿದ್ದರು. ಅಜ್ಜಿ ಮಾತ್ರ ಹಗೇವು ಬಿಟ್ಟು ಬರುವುದಿಲ್ಲವೆಂದು ಒಳಗೆ ಕೂತುಬಿಟ್ಟಳು, ಎಳೆದರೂ ಬರಲಿಲ್ಲ.

"ತೂಬು ಬಿಚ್ಚುದ್ರೆ ಉಳ್ಕತ್ತದೆ" ಅಂದ ಮಾವ. ಆಗಲೇ ಅಂಗಿ ಬಿಚ್ಚಿದ್ದ.

"ಬ್ಯಾಡ ಮಾವ. ಓದ್ರೆ ಓಯ್ತದೆ ಮನೆ. ಅಜ್ಜಿನ ಒತ್ಕಬರಾನ ನಡಿ."

"ನಾನೇ ಮುಚ್ಚಿದ್ದು ಕಣಮ್ಮಿ. ಎಲ್ಲಿ ಯಾವ್ ಕಲ್ಲದೆ ಅಂತ ನನ್ ಕೈಗೆ ಗೊತ್ತು. ನಿಮ್ಮಪ್ಪನ್ ಒಳೇಲಿ ಈಜ್ದೋನು ಈ ಗುಂಡೀಲಿ ಮುಳುಗ್ತೀನಾ?" ಅಂದು, ಮಗಳ ಕೆನ್ನೆ ಹಿಂಡಿ, ಸೊಂಟಕ್ಕೆ ತೆಂಗಿನನಾರಿನ ಹಗ್ಗ ಬಿಗಿಸಿಕೊಂಡು ಇಳಿದ.

ಎರಡು ಸಲ ಮುಳುಗಿ ಎದ್ದ. ಎದ್ದಾಗಲೆಲ್ಲ ಕೈಯಾಡಿಸಿ, ಕಲ್ಲು ಬಂತು ಅಂತ ತೋರಿಸಿದ. ಮತ್ತೆ ಮುಳುಗಿದ. ಆಗ ಏರಿಯ ಆಚೆ ಕಡೆ ನಿಂತವರು, "ಬಂತು ಬಂತು, ನೀರ್ ಬಂತು" ಅಂತ ಕುಣಿದರು. ತೂಬು ಬಾಯಿ ಬಿಟ್ಟು, ಇಡೀ ಕಟ್ಟೆಯ ಭಾರ ಅದರೊಳಗೆ ನುಗ್ಗುತ್ತಿತ್ತು. ಈಚೆ ಹಗ್ಗ ಹಿಡಿದವರು ಎಳೆದರು. ಹಗ್ಗ ಬಿಗಿಯಿತು, ಬರಲಿಲ್ಲ. ಹರಿಯುವ ಹೊಳೆಯಲ್ಲಿ ಈಜುವುದೇ ಬೇರೆ, ತೆರೆದ ತೂಬಿನ ಬಾಯಲ್ಲಿ ಸಿಕ್ಕುವುದೇ ಬೇರೆ. ಅಲ್ಲಿ ಯಾರ ಈಜೂ ನಡೆಯುವುದಿಲ್ಲ. ನಾನೂ ಹೋಗಿ ಹಗ್ಗಕ್ಕೆ ಕೈ ಹಾಕಿದೆ. ಒಂದು ಕಡೆ ಅಳು, ಒಂದು ಕಡೆ ಕುಣಿತ. ಕುಣಿಯುವವರಿಗೆ ಇನ್ನೂ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಳೆ ನಿಂತಿತು. ಸಂಜೆಯ ಹೊತ್ತಿಗೆ ನೀರು ಇಳಿದು, ತೂಬಿನ ಬಾಯಿಂದ ಮಾವನನ್ನು ತೆಗೆದರು. ಹೆಂಗಸರನ್ನು ಹತ್ತಿರ ಬಿಡಲಿಲ್ಲ. ಏರಿ ಒಡೆಯಲಿಲ್ಲ. ಕೆಳಬೀದಿಯ ಒಂದು ಗೋಡೆಯೂ ನೆನೆಯಲಿಲ್ಲ. ಹಗೇವಿನ ಒಂದು ಕಾಳೂ ಕೆಡಲಿಲ್ಲ. ಅಜ್ಜಿ ಹಗೇವಿನ ಕಲ್ಲಿನ ಮೇಲೆ ಕೂತಿದ್ದವಳು ಹಾಗೆಯೇ ಕೂತಿದ್ದಳು, ಅವನನ್ನು ತಂದು ನಡುಮನೆಯಲ್ಲಿ ಮಲಗಿಸಿದಾಗಲೂ. ಬಾಗಿನಕ್ಕೆಂದು ತೊಟ್ಟ ಬಳೆ ನನ್ನ ಕೈಯಲ್ಲಿ ಇನ್ನೂ ಹೊಸದಾಗಿಯೇ ಇತ್ತು. ಒಡೆದರು.

ತೆನೆ ಕಟ್ಟುವ ಹೊತ್ತಿಗೆ ಭತ್ತಕ್ಕೆ ನೀರಿಲ್ಲದೆ ಅರ್ಧಕ್ಕರ್ಧ ಜೊಳ್ಳಾಯಿತು. ಉಳಿದದ್ದನ್ನು ಅಜ್ಜಿ ತಾನೇ ಕೊಯ್ದು, ಬಡಿದು, ಕುಟ್ಟಿ, ಅನ್ನ ಮಾಡಿ ನನ್ನ ತಣಿಗೆಗೆ ಹಾಕಿದಳು. "ಉಣ್ಣು ಕೂಸೇ. ನಿಂಗೇ ಅಂತ ಬೆಳ್ದಿದ್ದ" ಅಂದಳು. ಬೇಡವೆಂದರೆ ಅವಳು ಒಡೆದುಹೋಗುತ್ತಾಳೆಂದು ಉಂಡೆ. ಆ ಅನ್ನ ಕೂಡ ಗಂಟಲಿಗೆ ಅಂಟಿತು. ಎದುರಿಗೆ ಕೂತು ನಗುವವನಿರಲಿಲ್ಲ. ನನಗೆ ಅವನ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಅನ್ನ ಉಣ್ಣುತ್ತಲೇ ಮನಸ್ಸಿನಲ್ಲಿ ಬೈಯುತ್ತಿದ್ದೆ. ಯಾರು ಕೇಳಿದ್ದರು ನಿನ್ನನ್ನು ಅನ್ನ? ಮುದ್ದೆ ಅಗಿದುಕೊಂಡೇ ನೂರು ವರ್ಷ ಬಾಳುತ್ತಿದ್ದೆನಲ್ಲ ನಿನ್ನ ಜೊತೆ.

ಊರವರು ಕೆಟ್ಟವರಲ್ಲ. ಆ ವರ್ಷ ನಮ್ಮ ಹೊಲವನ್ನು ಅವರೇ ಉತ್ತುಕೊಟ್ಟರು. ಆದರೆ ನಾಲ್ಕು ತಿಂಗಳು ಕಳೆಯುವುದರೊಳಗೆ ಮಾತು ಬೇರೆಯಾಯಿತು. ಹೊಸ ಕಟ್ಟೆ ಆಹುತಿ ಬೇಡಿತಂತೆ, ಗಂಗಮ್ಮ ತನಗೆ ಬೇಕಾದವನನ್ನು ಆರಿಸಿಕೊಂಡಳಂತೆ. ತೂಬು ಮುಚ್ಚಿದ ಮಾತನ್ನೇ ಎಲ್ಲರೂ ಮರೆತರು. ಏರಿಯ ಮೇಲೆ ಒಂದು ಕಲ್ಲು ನೆಟ್ಟು ಪೂಜೆ ಮಾಡುತ್ತೇವೆ, ಒಪ್ಪಿಗೆ ಕೊಡು ಅಂತ ಪಟೇಲರು ಬಂದು ಅಜ್ಜಿಯ ಮುಂದೆ ಕೂತರು.

"ನಿನ್ ಮಗ ದೇವ್ರಾಗವ್ನೆ ಕಣವ್ವ."

"ದೇವ್ರಾಗ್ಲಿ ಅಂತ ಎತ್ತಿದ್ನಾ ನಾನು? ವಲ ಉಳ್ಲಿ ಅಂತ ಎತ್ತಿದ್ದು" ಅಂದು ಅಜ್ಜಿ ಒಳಗೆದ್ದು ಹೋದಳು. ಅವರು ಕಲ್ಲನ್ನು ನೆಟ್ಟೇ ನೆಟ್ಟರು.

ಮುಂದಿನ ಮುಂಗಾರಿಗೆ ಮುಂಚೆ, ಇನ್ನೂ ಬಿಸಿಲು ಸುಡುತ್ತಿದ್ದಾಗ, ಮಗಳನ್ನು ಆಡಿಸಲು ಒಯ್ದಿದ್ದ ಪಕ್ಕದ ಮನೆಯ ಹುಡುಗಿ ಬಂದು, ಕಟ್ಟೆಯ ಹತ್ತಿರ ಜನ ಚಪ್ಪಡಿ ಹೊತ್ತು ತಂದಿದ್ದಾರೆ ಅಂತ ಹೇಳಿದಳು. ಬಾಗಿಲಿಗೆ ಬಂದು ಬೀದಿಯಲ್ಲಿ ಹೋಗುವವರನ್ನು ವಿಚಾರಿಸಿದರೆ ನಿಜ. ಆಹುತಿ ತೆಗೆದುಕೊಂಡಾಗಿದೆ, ಇನ್ನು ಏರಿಗೆ ಯಾವ ಭಯವೂ ಇಲ್ಲ, ಈ ಸಲ ಒಣಗಿರುವಾಗಲೇ ತೂಬನ್ನು ಭದ್ರವಾಗಿ ಮುಚ್ಚಿಬಿಡುವುದು ಅಂತ ಮಾತಾಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಬಾಯಿ ತೆಗೆಯುವ ಮೊದಲೇ ಅಜ್ಜಿ ಸೆರಗು ಹೊದ್ದು ಹೊರಟಳು. ಮಗಳನ್ನು ಎತ್ತಿಕೊಂಡು ಅವಳ ಹಿಂದೆ ನಡೆದೆ.

ಅಜ್ಜಿ ಕಟ್ಟೆಯ ಒಣಗಿದ ಒಡಲಿಗೆ ಇಳಿದು, ಬಿರುಕು ಬಿಟ್ಟ ಮಣ್ಣಿನ ಮೇಲೆ ನಡೆದು, ತೂಬಿನ ಬಾಯಿಗೆ ಬೆನ್ನು ಕೊಟ್ಟು ಕೂತಳು. ಚಪ್ಪಡಿ ಹಿಡಿದವರು ಹಾಗೆಯೇ ನಿಂತರು.

"ಏಳವ್ವ, ಬಿಸ್ಲು" ಅಂದರು ಪಟೇಲರು.

"ಮುಚ್ಚೋದಾದ್ರೆ ನನ್ನೂ ಸೇರ್ಸಿ ಮುಚ್ಚಿ ಗೌಡ. ಒಬ್ಬುನ್ನ ತಕ್ಕಂಡದೆ, ಸಾಲ್ದು ಅಂದ್ರೆ ನಾನಿವ್ನಿ."

ನಾನೂ ಹೋಗಿ ಅವಳ ಪಕ್ಕ ಕೂತೆ. ಬಹಳ ಹೊತ್ತಾಯಿತು. ಕಡೆಗೆ ಅವರು ಚಪ್ಪಡಿಯನ್ನು ಅಲ್ಲಿಯೇ ಇಳಿಸಿ, ಒಬ್ಬೊಬ್ಬರಾಗಿ ಏರಿ ಹತ್ತಿ ಹೋದರು. ಆ ವರ್ಷ ತೂಬು ಮುಚ್ಚಲಿಲ್ಲ, ನಾನು ಅಲ್ಲಿ ಇದ್ದಷ್ಟು ಕಾಲ ಯಾರೂ ಅದರ ತಂಟೆಗೆ ಹೋಗಲಿಲ್ಲ.

ಎಲ್ಲರೂ ಹೋದ ಮೇಲೆ ಅಜ್ಜಿ ತಿರುಗಿ ಕೂತು ತೂಬನ್ನು ನೋಡಿದಳು. ಕಟ್ಟೆ ಕಟ್ಟುವಾಗ ಅವಳು ಮನೆ ಬಿಟ್ಟು ಬಂದಿರಲಿಲ್ಲ, ಆಮೇಲೂ ಏರಿ ದಾಟಿ ಈಚೆಗೆ ಬಂದಿರಲಿಲ್ಲ. ಅದನ್ನು ಹತ್ತಿರದಿಂದ ಕಂಡದ್ದು ಅದೇ ಮೊದಲು. ಬಗ್ಗಿ ಒಳಗೆ ಇಣುಕಿದಳು. ಆಚೆಯ ತುದಿಯಲ್ಲಿ ಹೊಲದ ಬೆಳಕು ಕಾಣುತ್ತಿತ್ತು. ಬಾಯಿಯ ಅಗಲಕ್ಕೆ ಗೇಣು ಹಾಕಿದಳು. ಇನ್ನೊಂದು ಸಲ ಹಾಕಿದಳು. ಆಮೇಲೆ ಎರಡು ಕೈಗಳನ್ನೂ ಗಾಳಿಯಲ್ಲಿ ಅಗಲಿಸಿ, ಮಗನ ಹೆಗಲು ಎಷ್ಟಗಲವಿತ್ತೋ ಅಷ್ಟಕ್ಕೆ ನಿಲ್ಲಿಸಿ, ನನ್ನ ಕಡೆ ನೋಡಿದಳು.

"ಇನ್ನೊಂದ್ ಗೇಣು ಅಗ್ಲ ಇಕ್ಕಿದ್ರೆ ಆಚೆ ಕಡೀಕೆ ಬಂದ್ಬುಡ್ತಿದ್ದ ಅಲ್ವಾ ಕೂಸೇ?"

ನಾನು ಹೂಂ ಅಂದೆ.